ಕೊಂಡ ಹೂ ಏರಿಸುವುದಿಲ್ಲ

ನವೆಂಬರ್ ೨, ೨೦೦೮, ಭಾನುವಾರ. ಇಲ್ಫರ್ಡ್, ಲಂಡನ್

ನನ್ನನ್ನು ಗಡಿಪಾರು ಮಾಡಿದ್ದಾರೆ. ಅವ್ವ ಇದಕ್ಕೆ ದೊಡ್ಡವ್ವನ ಸೇವೆ ಎಂದು ಹೆಸರಿಟ್ಟಿದ್ದಾಳೆ. ಅಪ್ಪ ಹವಾ ಬದಲಾವಣೆ ಎನ್ನುತ್ತಾನೆ. ನಿಜ ಏನೆಂದರೆ, ನಾನು ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ ರುದ್ರೇಶನ ಜೊತೆ ನಿಂತು ಸಂಘದ ಕಿರುಹೊತ್ತಿಗೆ ಮಾರುವುದು ಮನೆಯವರಿಗೆ ಬೇಡವಾಗಿತ್ತು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ದೊಡ್ಡವ್ವ ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಎರಡು ಸಮಸ್ಯೆಗೂ ಒಂದೇ ವಿಮಾನ ಸಾಕಾಯಿತು. ಆರು ತಿಂಗಳ ವೀಸಾ.

ಜಗತ್ತಿನ ಬ್ಯಾಂಕುಗಳು ಒಂದರ ಹಿಂದೊಂದು ಕುಸಿಯುತ್ತಿವೆ. ಅವು ಕುಸಿಯುವ ಊರಿಗೇ ಬಂದಿದ್ದೇನೆ. ಆದರೆ ಇಲ್ಲಿ ನನಗಿರುವ ಕೆಲಸ ದಿನಾ ಬೆಳಿಗ್ಗೆ ಒಂದು ಹೂ ಕಿತ್ತು ತರುವುದು.

ದೊಡ್ಡವ್ವ ಲಿಂಗಪೂಜೆ ಮಾಡದೆ ಬಾಯಿಗೆ ನೀರೂ ಹಾಕುವುದಿಲ್ಲ. ಆ ಪೂಜೆಗೆ ಹೂ ಬೇಕು. ಹೂ ತನ್ನ ಹಿತ್ತಲಿನದೇ ಆಗಬೇಕು. ನಾನು ಕೇಳಿದೆ, "ಅಂಗಡ್ಯಾಗ ಬಕೆಟ್‌ಗಟ್ಲೆ ಇಟ್ಟಾರಲ್ಲ ದೊಡ್ಡವ್ವ?"

"ಕೊಂಡ ಹೂ ನಾ ಏರಸಂಗಿಲ್ಲ. ಅದು ಅಂಗಡಿಯವನ ಪೂಜಿ ಆಗ್ತದ, ನಂದಲ್ಲ."

"ಮತ್ತ ದವಾಖಾನ್ಯಾಗ ಏನ್ ಮಾಡಿದಿ?"

"ಅಲ್ಲಿ ಬರೇ ವಿಭೂತಿ. ಅಲ್ಲಿ ನನ್ನ ಮಣ್ಣ ಇರಲಿಲ್ಲ, ಲಿಂಗಕ್ಕ ಗೊತ್ತಿತ್ತು. ಇಲ್ಲಿ ಐತಲ್ಲ. ಇಲ್ಲೇನಂತ ನೆವಾ ಹೇಳಲಿ?"

ನಾನು ಹೂವಿನ ವಿರುದ್ಧ ಬರೆದವಳು. ಬೆಳಗಾವಿ ಕಡೆ ಪ್ಲಾಸ್ಟಿಕ್ ಮನೆ ಕಟ್ಟಿ, ಕೊಳವೆಬಾವಿ ಕೊರೆದು, ಸುತ್ತಲ ಹಳ್ಳಿಯ ಬಾವಿ ಬತ್ತಿಸಿ ಪರದೇಶಕ್ಕೆ ಗುಲಾಬಿ ಕಳಿಸುತ್ತಾರೆ. 'ಯಾರ ನೀರು, ಯಾರ ಗುಲಾಬಿ?' ಎಂಬ ನಮ್ಮ ಸಂಘದ ಹೊತ್ತಿಗೆಯಲ್ಲಿ ಮೊದಲಿಂದ ಕೊನೆಯವರೆಗೆ ನನ್ನದೇ ಮಾತು. ಹೂ ಎಂದರೆ ನನಗೆ ಬತ್ತಿದ ಬಾವಿ.

ಹಿತ್ತಲ ತುದಿಯಲ್ಲಿ ಕಂದು ಸೇವಂತಿಗೆ ಇದೆ. ಕಿತ್ತು ತಂದುಕೊಟ್ಟೆ. ಬಿಲ್ವ ಈ ದೇಶದಲ್ಲಿ ಇಲ್ಲವಾದ್ದರಿಂದ ಬೇಲಿ ಪಕ್ಕದ ಮೂರೆಲೆಯ ಪೊದೆಯಿಂದ ಒಂದು ಎಲೆಯನ್ನೂ ತಂದೆ. ದೊಡ್ಡವ್ವ ಅದನ್ನು ಲಂಡನ್ ಪತ್ರಿ ಎನ್ನುತ್ತಾಳೆ. ಕಿತ್ತದ್ದಷ್ಟೇ ನನ್ನ ಕೆಲಸ. ಅವಳ ನಂಬಿಕೆಗೂ ನನಗೂ ಸಂಬಂಧವಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ.

ನವೆಂಬರ್ ೯

ದೊಡ್ಡವ್ವನ ಮಗ ಉಮಾಶಂಕರಣ್ಣ ಊರ ಆಚೆ ತುದಿಯ ಕೊಲಿಂಡೇಲ್‌ನಿಂದ ಬಂದಿದ್ದ. ಅಲ್ಲಿ ಹೊಸ ಫ್ಲ್ಯಾಟ್ ತೆಗೆದುಕೊಂಡಿದ್ದಾನೆ. ಕೋಟು ಬಿಚ್ಚುವ ಮೊದಲೇ ಶುರು ಮಾಡಿದ.

"ಅವ್ವಾ, ಪ್ರಾಕ್ಟಿಕಲ್ ಆಗಿ ಥಿಂಕ್ ಮಾಡು. ನಮ್ಮಲ್ಲಿ ಲಿಫ್ಟ್ ಐತಿ, ಹೀಟಿಂಗ್ ಐತಿ. ಒಂದ ಮೆಟ್ಟಲ ಇಲ್ಲ."

"ಮಣ್ಣ ಐತೇನು?"

"ಬಾಲ್ಕನಿ ಐತಿ. ಎರಡು ಪಾಟ್ ಇಡು."

"ಎರಡು ಪಾಟಿನಾಗ ಹನ್ನೆರಡು ತಿಂಗಳ ಹೂ ಹೆಂಗ್ ತುಂಬಸ್ಲೋ?"

ಅಣ್ಣ ತಲೆ ಚಚ್ಚಿಕೊಂಡ. ಕೊನೆಗೆ ಒಂದು ಮಾತಿಗೆ ಬಂದರು. ನಾನು ಏಪ್ರಿಲ್‌ನಲ್ಲಿ ಊರಿಗೆ ಹೋಗುವುದರೊಳಗೆ ದೊಡ್ಡವ್ವ ಯಾರ ಕೈಯನ್ನೂ ಹಿಡಿಯದೆ ಹಿತ್ತಲಿಗೆ ಇಳಿದು ವಾಪಸ್ ಬಂದರೆ ಈ ಮನೆ ಉಳಿಯುತ್ತದೆ. ಇಲ್ಲದಿದ್ದರೆ ಮಾರಾಟ, ದೊಡ್ಡವ್ವ ಕೊಲಿಂಡೇಲ್‌ಗೆ.

ತತ್ವದ ಪ್ರಕಾರ ಅಣ್ಣ ಹೇಳುವುದೇ ಸರಿ. ಗಂಡ ಸತ್ತ ಒಬ್ಬ ಮುದುಕಿಗೆ ಮೂರು ಕೋಣೆಯ ಮನೆ, ಓಣಿಯಷ್ಟು ಉದ್ದದ ಹಿತ್ತಲು ಯಾಕೆ? ಅಣ್ಣನ ಎದುರೇ ಹಾಗೆಂದೆ. ದೊಡ್ಡವ್ವ ನನ್ನನ್ನು ನೋಡಿ, "ಚಹಾದಾಗ ಸಕ್ರಿ ಹಾಕಿಲ್ಲ ನೀ" ಎಂದಳು.

ಹಿಂದಿನ ಬಾಗಿಲಾಚೆ ಎರಡು ಮೆಟ್ಟಿಲು. ಕೌನ್ಸಿಲ್‌ನವರು, ಇಲ್ಲಿಯ ಮುನಿಸಿಪಾಲಿಟಿಯವರು, ಬಂದು ಹಿಡಿದುಕೊಳ್ಳಲು ಕಂಬಿ ಹಾಕಿಕೊಟ್ಟಿದ್ದಾರೆ. ದೊಡ್ಡವ್ವ ವಾಕರ್ ಹಿಡಿದು ಮನೆಯೆಲ್ಲಾ ಓಡಾಡುತ್ತಾಳೆ, ಆ ಬಾಗಿಲ ಹತ್ತಿರ ಮಾತ್ರ ಸುಳಿಯುವುದಿಲ್ಲ.

ನವೆಂಬರ್ ೨೪

ಇಬ್ಬನಿ ಹೆಪ್ಪುಗಟ್ಟಿತ್ತು. ಸೇವಂತಿಗೆ ಬೇಯಿಸಿದ ಸೊಪ್ಪಿನ ಹಾಗೆ ಕರ್ರಗಾಗಿದೆ. ಹೂ ಮುಗಿಯಿತು, ಇನ್ನಾದರೂ ಈ ಹಟ ಬಿಡುತ್ತಾಳೆ ಎಂದು ಸಂತೋಷದಿಂದಲೇ ಒಳಗೆ ಬಂದು ಹೇಳಿದೆ.

ಅಡುಗೆಮನೆ ಕಿಟಕಿಯಿಂದಲೇ ದೊಡ್ಡವ್ವ ಕೈ ತೋರಿಸಿದಳು. "ಶೆಡ್ಡಿನ ಗ್ವಾಡಿಗೆ ಹಸರ ಕಡ್ಡಿ ಅದಾವು ನೋಡು. ಎಲಿ ಹುಡುಕಬ್ಯಾಡ, ಇರಂಗಿಲ್ಲ. ಕಡ್ಡಿ ನೋಡು."

ಒಂದೂ ಎಲೆಯಿಲ್ಲದ ಕಡ್ಡಿಯ ಮೇಲೆ ಹಳದಿ ಹೂ. ಮಲ್ಲಿಗೆಯ ಜಾತಿಯಂತೆ, ವಾಸನೆ ಇಲ್ಲ. ಸೋತೆ.

ಡಿಸೆಂಬರ್ ೧೪

ರುದ್ರೇಶನ ಜೊತೆ ಮಾತಾಡಿದೆ. ಅವನು ಸುಭಾಸ ರಸ್ತೆಯ ಬೂತಿನಿಂದ ಫೋನು ಮಾಡಿದ್ದ. ಅವನ ದನಿಯ ಹಿಂದೆ ಆಟೋ, ಯಾರದೋ ಜಗಳ, ಬಸ್ಸಿನ ಸೀಟಿ. ಅವನು ಸಭೆಯ ವಿಷಯ ಹೇಳುತ್ತಿದ್ದ, ನಾನು ಹಿಂದಿನ ಸದ್ದನ್ನೇ ಕೇಳುತ್ತಿದ್ದೆ. "ಇದೀ ಏನು?" ಎಂದ. "ಇದೀನಿ. ಮಾತಾಡು" ಎಂದೆ. ಫೋನು ಇಟ್ಟ ಮೇಲೆ ಈ ಮನೆ ಇನ್ನಷ್ಟು ಮೌನವಾಯಿತು. ನಾಲ್ಕಕ್ಕೇ ಕತ್ತಲು. ಸಂಘದವರ ಒಬ್ಬೊಬ್ಬರ ಮುಖ ನೆನೆಸಿಕೊಂಡೆ, ಮೆಸ್ಸಿನ ರೊಟ್ಟಿಯನ್ನೂ, ಅವನ ಸೈಕಲ್ಲನ್ನೂ. ಏಪ್ರಿಲ್ ಬೇಗ ಬರಲಿ.

ಸಿಟ್ಟನ್ನು ದೊಡ್ಡವ್ವನ ಮೇಲೆ ಹಾಕಿದೆ. ಲಿಂಗ ಮೈಮೇಲೇ ಇರುವಾಗ ಅದಕ್ಕೆ ಹೂವಿನ ಹಂಗೇಕೆ, ಮನಸ್ಸಿದ್ದರೆ ಸಾಲದೇ ಎಂದು ಭಾಷಣ ಬಿಗಿದೆ. ದೊಡ್ಡವ್ವ ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ಸಂಘದಾಗ ಘೋಷಣಾ ಕೂಗೂ ಮುಂದ ಕೈ ಎತ್ತತೀರಲ್ಲ, ಕೈ ಎತ್ತದ ಕೂಗಿದ್ರ ಆಗಂಗಿಲ್ಲೇನು?"

"ಅದು ಬ್ಯಾರೆ."

"ಹೌದವಾ. ಎಲ್ಲಾರದೂ ಬ್ಯಾರೇನ ಇರ್ತದ."

ಜನವರಿ ೮, ೨೦೦೯

ಚಳಿಗೆ ಹಳದಿ ಹೂಗಳೂ ಸುಟ್ಟುಹೋದವು. ಸೇಬಿನ ಮರದ ನೆರಳಲ್ಲಿ ತಲೆ ತಗ್ಗಿಸಿದ ಹೂ ಒಂದಿದೆ. ದೊಡ್ಡವ್ವ ಅದನ್ನು ನಾಚಿಕಿ ಹೂ ಎನ್ನುತ್ತಾಳೆ. ತಲೆ ತಗ್ಗಿಸುವವರನ್ನು ಕಂಡರೆ ನನಗಾಗುವುದಿಲ್ಲ. ಆದರೂ ಮೊಣಕಾಲೂರಿ ಕೆಳಗಿನಿಂದ ನೋಡಿದೆ. ಒಳಗೆಲ್ಲಾ ನೇರಳೆ ಚುಕ್ಕಿ. ಯಾರ ಕಣ್ಣಿಗೂ ಬೀಳದ ಕಡೆ ಇಷ್ಟೊಂದು ಕೆಲಸ ಯಾಕೆ ಮಾಡಿಕೊಂಡಿದೆ?

ಸೀರೆಯ ನೆರಿಗೆ ಒದ್ದೆಯಾಯಿತು. ನಾಳೆಯಿಂದ ಪ್ಯಾಂಟು.

ಫೆಬ್ರವರಿ ೨, ಸೋಮವಾರ

ಬೆಳಿಗ್ಗೆ ಎದ್ದರೆ ಹಿತ್ತಲೇ ಇರಲಿಲ್ಲ. ಬೇಲಿ, ಶೆಡ್ಡು, ಗಿಡ ಎಲ್ಲವನ್ನೂ ಹಿಮ ನುಂಗಿತ್ತು. ಲಂಡನ್ನಿನ ಬಸ್ಸುಗಳೆಲ್ಲ ನಿಂತಿವೆ ಎಂದು ಟಿವಿಯಲ್ಲಿ ಹೇಳಿದರು. ಅಣ್ಣ ಬರುವ ಹಾಗಿಲ್ಲ. ಸೇಬಿನ ಮರದ ಸುತ್ತ ನಾಚಿಕೆ ಹೂ ಎಲ್ಲಿ ಹುಗಿದಿದೆಯೋ ಗೊತ್ತಾಗಲಿಲ್ಲ. ದೊಡ್ಡವ್ವ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಕಾಯುತ್ತಿದ್ದಳು.

ಪಕ್ಕದ ಮನೆಯ, ನಮ್ಮ ಕರಾವಳಿ ಕಡೆಯ ಬೀಟ್ರಿಸ್ ಆಂಟಿಯ ಗೋಡೆಗೆ ಒರಗಿ ಒಂದು ಗಿಡವಿದೆ. ಸೂರಿನ ಕೆಳಗಿರುವುದರಿಂದ ಅದಕ್ಕೆ ಹಿಮ ತಾಗಿರಲಿಲ್ಲ. ಅದರಲ್ಲಿ ಒಂದೇ ಒಂದು ಗುಲಾಬಿ ಬಣ್ಣದ ದೊಡ್ಡ ಹೂ. ಧಾರವಾಡದಲ್ಲಿ ಬೆಳಕು ಹರಿಯುವ ಮೊದಲು ಕ್ಯಾರಿಬ್ಯಾಗ್ ಹಿಡಿದು ಹೊರಟ ಹೆಂಗಸರು ಯಾರ ಕಾಂಪೌಂಡನ್ನು ಬಿಟ್ಟಿದ್ದಾರೆ? ದೇವರಿಗೆ ಎಂದರೆ ಅದು ಕಳವಲ್ಲ, ಮನೆಯವರು ಎದ್ದು ಬಂದರೂ ಏನೂ ಅನ್ನುವುದಿಲ್ಲ. ನಾನು ಚಿಕ್ಕಂದಿನಿಂದ ನೋಡಿದ್ದು ಇದನ್ನೇ. ಬೇಲಿಯ ಮೇಲೆ ಬಗ್ಗಿ ಕಿತ್ತೆ.

ದೊಡ್ಡವ್ವ ಕಣ್ಣುಮುಚ್ಚಿ ಅದನ್ನು ಏರಿಸಿದಳು. ಕಣ್ಣು ತೆರೆಯುವ ಹೊತ್ತಿಗೆ ಬಾಗಿಲು ಬಡಿದ ಸದ್ದು. ನೈಟಿಯ ಮೇಲೆ ಕೋಟು, ಕಾಲಿಗೆ ಗಂಡ ರೋಬರ್ಟ್ ಅಂಕಲ್‌ನ ಬೂಟು, ಬೀಟ್ರಿಸ್ ಆಂಟಿ.

"ಚನ್ನಕ್ಕಾ, ನನ್ನ ಕಮೀಲಿಯ ಎಲ್ಲಿ? ಬೇಲಿ ಹತ್ತಿರ ಯಾರ ಹೆಜ್ಜೆ ಅದು? ಹಿಮದ ಮೇಲೆ ಚಿತ್ರ ಬಿಡಿಸಿದ ಹಾಗೆ ಉಂಟು!"

ನಾನೇ ಎಂದೆ.

"ಎಂತ ಹುಡುಗಿ ಮಾರಾಯ್ತಿ ನೀನು! ಇವತ್ತು ಮೊಂಬತ್ತಿಯ ಹಬ್ಬ. ಚರ್ಚಿಗೆ ಹೋಗುವ ಅಂದ್ರೆ ಬಸ್ಸಿಲ್ಲ. ಮನೆಯಲ್ಲೇ ಮಾತೆಯ ಎದುರು ಇಡುವ ಅಂತ ಆ ಮೊಗ್ಗನ್ನು ಎಷ್ಟು ದಿನದಿಂದ ಕಾದದ್ದು ನಾನು!"

"ಪ್ರಕೃತಿಗೆ ಬೇಲಿ ಇಲ್ಲ, ಆಂಟಿ."

"ಪ್ರಕೃತಿಗೆ ಇಲ್ಲ, ನನಗೆ ಉಂಟು. ಗೊಬ್ಬರ ಹಾಕಿದ್ದು ಎಂತ, ಪ್ರಕೃತಿಯಾ?"

ಇದನ್ನೆಲ್ಲ ಕೇಳುತ್ತಾ ದೊಡ್ಡವ್ವ ಅಂಗೈಯ ಲಿಂಗದ ಮೇಲಿಂದ ಹೂ ತೆಗೆದು ತಟ್ಟೆಯಲ್ಲಿಟ್ಟಳು. "ಇದು ಪೂಜಿ ಆಗಲಿಲ್ಲ" ಎಂದಳು. ನಾನು ತಂದಿಟ್ಟ ಉಪ್ಪಿಟ್ಟನ್ನು ದೂರ ಸರಿಸಿದಳು. ಅವಳ ಮಾತ್ರೆಗಳನ್ನು ಹಸಿದ ಹೊಟ್ಟೆಯಲ್ಲಿ ನುಂಗುವ ಹಾಗಿಲ್ಲ.

ಆಂಟಿಯ ಸಿಟ್ಟು ಅಲ್ಲೇ ಇಳಿಯಿತು. "ಹಾಗೆಲ್ಲ ಮಾಡಬೇಡಿ ಅಕ್ಕ. ನಾನೇ ಕೊಟ್ಟೆ ಅಂತ ಇಟ್ಕೊಳ್ಳಿ."

"ಕೊಟ್ಟದ್ದಲ್ಲವಾ ಅದು. ತಗೊಂಡದ್ದು."

ಆಂಟಿ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಸೇಬಿನ ಮರದ ಬುಡ ತೋರಿಸಿ, "ಇಲ್ಲಿ ಬಗೆ. ಸಲಿಕೆ ಬೇಡ, ಕೈಯಲ್ಲಿ" ಎಂದಳು. ಬಗೆದೆ. ಬೆರಳು ಮರಗಟ್ಟಿತು. ಅಡಿಯಲ್ಲಿ ಹಸಿರು ಕಂಡಿತು, ಆಮೇಲೆ ಬಿಳಿ. ನಾಚಿಕೆ ಹೂವಲ್ಲ, ನಾನು ಕಂಡಿರದ ಬೇರೊಂದು. ಹಿಮದ ಒಳಗೆ ಹಿಮದಷ್ಟೇ ಬೆಳ್ಳಗಿನ ಗುಂಪು ಹೂ, ಒಂದೂ ಮುರಿದಿರಲಿಲ್ಲ. ಅಷ್ಟು ಭಾರ ಹೊತ್ತು ಅರಳಿಯೇ ನಿಂತಿದ್ದವು.

ಆಂಟಿ ಅದರಲ್ಲೊಂದನ್ನು ತಾನು ಕಿತ್ತುಕೊಂಡಳು. "ಇದು ನನ್ನ ಮಾತೆಗೆ. ಸರಿ ಹೋಯ್ತು. ಇನ್ನೊಂದು ಸಲ ಬೇಲಿ ದಾಟಿದರೆ ಕೈ ಮುರೀತೇನೆ."

ದೊಡ್ಡವ್ವ ಮಧ್ಯಾಹ್ನ ಉಂಡಳು. ನನಗೆ ಯಾಕೋ ಅವಳಿಗಿಂತ ಹೆಚ್ಚು ಹಸಿವಾಗಿತ್ತು.

ಫೆಬ್ರವರಿ ೧೪

ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲೇ ಕೆಂಪು ಗುಲಾಬಿಯ ಬಕೆಟ್ಟುಗಳು. ಒಂದನ್ನು ಎತ್ತಿ ಮೂಸಿದೆ. ಏನೂ ಇಲ್ಲ. ಯಾವ ಊರಿನ ಬಾವಿ ಕುಡಿದು ಬಂದವೋ! ಇದರ ಬಗ್ಗೆ ಇಂಗ್ಲಿಷಿನಲ್ಲಿ ಕರಪತ್ರ ಬರೆದು ಇದೇ ಬಾಗಿಲಲ್ಲಿ ಹಂಚಬೇಕು. ಮೊದಲ ಸಾಲು ಹೊಳೆದಿತ್ತು.

ಮನೆಗೆ ಬರುವ ಹೊತ್ತಿಗೆ ಬಿಸಿಲು ಬಂದಿತ್ತು. ಹುಲ್ಲಿನ ನಡುವೆ ಕ್ರೋಕಸ್ ಎಂಬ ಪುಟ್ಟ ನೇರಳೆ ಹೂಗಳು ಬಾಯಿ ತೆರೆದಿದ್ದವು. ಮೋಡ ಬಂದರೆ ಮುಚ್ಚಿಕೊಳ್ಳುತ್ತವೆ, ಹೋದರೆ ತೆರೆಯುತ್ತವೆ. ಅವು ಹೀಗೆ ಎಷ್ಟು ಸಲ ಮಾಡುತ್ತವೆ ನೋಡೋಣವೆಂದು ಮೆಟ್ಟಿಲ ಮೇಲೆ ಕುಳಿತೆ.

ರುದ್ರೇಶನಿಗೆ ಫೋನು ಮಾಡುವ ದಿನ ಇದು. ನೆನಪಾದಾಗ ಧಾರವಾಡ ಮಲಗಿರುವ ಹೊತ್ತು. ಕರಪತ್ರದ ಸಾಲೂ ಮರೆತಿದೆ.

ಮಾರ್ಚ್ ೭, ಶನಿವಾರ

ಅಣ್ಣ ಮನೆ ಮಾರುವ ಏಜೆಂಟನನ್ನು ಕರೆತಂದಿದ್ದ. ಸೂಟು ಹಾಕಿದ ಹುಡುಗ ಹಿತ್ತಲಿನ ತುದಿಯವರೆಗೂ ಹೋಗಲಿಲ್ಲ, ಬಾಗಿಲಲ್ಲೇ ನಿಂತು ನೋಡಿದ. ಇದನ್ನೆಲ್ಲಾ ತೆಗೆಸಿ ಕಲ್ಲು ಹಾಸಿದರೆ ಬೇಗ ಮಾರಾಟವಾಗುತ್ತದೆ ಎಂದ. ಕೊಂಡು ಬಾಡಿಗೆಗೆ ಕೊಡುವವರಿಗೆ ತೋಟ ಬೇಡವಂತೆ, ಕಾರು ನಿಲ್ಲಿಸಲು ಜಾಗ ಬೇಕಂತೆ. ಅವನು ನಿಂತ ಕಡೆಯಿಂದ ಡ್ಯಾಫಡಿಲ್‌ಗಳ ಮೊದಲ ಸಾಲು ಅವನಿಗೆ ಕಾಣುತ್ತಿತ್ತು. ನಾಳೆ ಅರಳುವವು, ಕೊರಳು ಬಗ್ಗಿಸಿ ತಯಾರಾಗಿದ್ದವು.

ಅವನು ಹೋದ ಮೇಲೆ ಅಣ್ಣನ ಜೊತೆ ಜಗಳವಾಡಿದೆ.

"ಕಲ್ಯಾಣಿ, ನೀನ ಅಂದಿದ್ದಿ, ಒಬ್ಬ ಮುದುಕಿಗೆ ಇಷ್ಟ ದೊಡ್ಡ ಮನಿ ಯಾಕ ಅಂತ."

"ಮನಿ ದೊಡ್ಡದು ಅಂದೆ. ಹಿತ್ತಲ ಅಲ್ಲ."

"ಹಿತ್ತಲ ಬಿಟ್ಟ ಮನಿ ಮಾರಾಕ ಬರ್ತದೇನು? ನೀ ಎಪ್ರಿಲ್‌ಗೆ ಹೋಗಾಕಿ. ಆಮ್ಯಾಲೆ ಇಕಿ ಮತ್ತ ಬಿದ್ರ ಯಾರ ನೋಡಬೇಕು? ಸಲದ ಸಲ ಬೀಟ್ರಿಸ್ ಆಂಟೀನ ಬಂದು ಎತ್ತಬೇಕೇನು?"

ಅಣ್ಣ ಕೆಟ್ಟವನಲ್ಲ. ಅಕ್ಟೋಬರಿನಲ್ಲಿ ಆಸ್ಪತ್ರೆಯಿಂದ ಬಂದ ಫೋನು ಎತ್ತಿದ್ದು ಅವನೇ.

ದೊಡ್ಡವ್ವ ಈ ಮಾತುಗಳನ್ನು ಪಕ್ಕದ ಕೋಣೆಯಿಂದ ಕೇಳುತ್ತಿದ್ದಳು. ಸಂಜೆ ಅವಳು ಹಿಂದಿನ ಬಾಗಿಲ ಹತ್ತಿರ ವಾಕರ್ ನಿಲ್ಲಿಸಿ, ಚಿಲಕವನ್ನು ನೋಡಿ, ತಿರುಗಿ ಬಂದಳು.

ಮಾರ್ಚ್ ೨೭, ಯುಗಾದಿ

ಬೇವಿಲ್ಲ. ದೊಡ್ಡವ್ವ ಬೆಲ್ಲಕ್ಕೆ ಮೆಂತ್ಯ ಬೆರೆಸಿ ಕೊಟ್ಟಳು. ಪೂಜೆಗೆ ಬೇಲಿ ಪಕ್ಕದ ಹಳದಿ ಪೊದೆಯಿಂದ ಒಂದು ರೆಂಬೆ. ಬೀಟ್ರಿಸ್ ಆಂಟಿಯ ಕಮೀಲಿಯ ಈಗ ಗಿಡದ ತುಂಬ. ಬೇಲಿಯ ಆಚೆಯಿಂದ ಆಂಟಿ ಕೂಗಿದಳು, "ಕಳ್ಳಿ, ನೋಡು ನೋಡು, ಮುಟ್ಟಬೇಡ!"

ರುದ್ರೇಶನ ಫೋನು. ಹಿತ್ತಲಿನಿಂದ ಓಡಿ ಬಂದು ಎತ್ತಿದೆ.

"ಗ್ರೀನ್‌ಹೌಸಿನ ಮುಂದ ಧರಣಿ ಕುಂತಿದ್ವಿ. ನಿನ್ನೆ ಮೂರು ಲಾರಿ ತಡದೀವಿ!"

"ಲಾರ್ಯಾಗ ಹೂ ಇದ್ವೇನು?"

"ಮತ್ತೇನಿರ್ತದ?"

"ನೀರಾಗ ಇಟ್ಟಿದ್ರೋ ಇಲ್ಲೋ? ಬಿಸಲಾಗ ಎಷ್ಟೊತ್ತು ನಿಂತಿದ್ವು?"

ರುದ್ರೇಶ ಸೀದಾ ಕೇಳಿದ, "ಕಲ್ಯಾಣಿ, ನೀ ಯಾರ ಕಡೆ ಇದೀ?"

ಎಂಥ ಪ್ರಶ್ನೆ! ನಾನು ಕಡೆ ಬದಲಿಸಿಲ್ಲ. ನೀರು ಹಳ್ಳಿಯದೇ, ಇವತ್ತಿಗೂ ಅದನ್ನೇ ಹೇಳುತ್ತೇನೆ. ಆದರೆ ಕಿತ್ತ ಮೇಲೆ ಬಾಡಲು ಬಿಡುವುದು ಬೇರೆ ವಿಷಯ. ಇದನ್ನು ಅವನಿಗೆ ಬಿಡಿಸಿ ಹೇಳಲು ಆಗಲಿಲ್ಲ. ಅವನ ಹಿಂದೆ ಸುಭಾಸ ರಸ್ತೆ ಎಂದಿನ ಹಾಗೇ ಗದ್ದಲ ಮಾಡುತ್ತಿತ್ತು. ಸ್ವಲ್ಪ ತಲೆನೋವಾಯಿತು.

ಏಪ್ರಿಲ್ ೧, ಬುಧವಾರ

ಇವತ್ತಿಗಾಗಿ ಎರಡು ತಿಂಗಳಿಂದ ಕಾದಿದ್ದೆ. ಜಗತ್ತನ್ನು ಆಳುವವರೆಲ್ಲ ಲಂಡನ್ನಿನಲ್ಲಿ ಸೇರುತ್ತಾರೆ, ಬೀದಿಯಲ್ಲಿ ಜನರೂ ಸೇರುತ್ತಾರೆ. ಬೆಳಿಗ್ಗೆ 'ಬೆಳ್ಳಕ್ಕಿ' ಎಂದು ದೊಡ್ಡವ್ವ ಕರೆಯುವ ಬಿಳಿ ಟುಲಿಪ್ ಕಿತ್ತುಕೊಟ್ಟು, ಬೀಟ್ರಿಸ್ ಆಂಟಿಗೆ ಮಧ್ಯಾಹ್ನ ಬಂದು ನೋಡಲು ಹೇಳಿ ರೈಲು ಹಿಡಿದೆ. ಬ್ಯಾಂಕುಗಳಿರುವ ಬೀದಿಯಲ್ಲಿ ಸಾವಿರಾರು ಜನ. ಕೂಗಿದೆ. ಕೈ ಎತ್ತಿಯೇ ಕೂಗಿದೆ. ಐದು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದೆಲ್ಲ ಹೊರಬಂತು. ಪಕ್ಕದಲ್ಲಿದ್ದ ಅಜ್ಜನೊಬ್ಬ ನನ್ನ ಕೈಗೆ ಕರಪತ್ರ ಕೊಟ್ಟ.

ಆಮೇಲೆ ಪೊಲೀಸರು ನಾಲ್ಕೂ ಕಡೆ ಸಾಲುಗಟ್ಟಿದರು. ಯಾರನ್ನೂ ಹೊರಗೆ ಬಿಡಲಿಲ್ಲ. ಕಾಲ ಬಳಿ ಯಾರೋ ತುಳಿದ ರೆಂಬೆ ಬಿದ್ದಿತ್ತು, ತುದಿಯಲ್ಲಿ ನಸುಗೆಂಪು ಹೂವಿನ ಗೊಂಚಲು ಇನ್ನೂ ಜೀವಂತ. ಯಾವ ಗಿಡವೋ ಆಂಟಿಗೆ ಗೊತ್ತಿರುತ್ತದೆ ಎಂದು ಕರಪತ್ರವನ್ನು ಪೊಟ್ಟಣ ಮಾಡಿ ಅದರಲ್ಲಿಟ್ಟುಕೊಂಡೆ. ಬಿದ್ದದ್ದನ್ನು ಎತ್ತಿದರೆ ಕಳವಲ್ಲ. ಸಂಜೆಯ ತನಕ ಅದನ್ನು ಎದೆಗೆ ಹಿಡಿದು ನಿಂತಿದ್ದೆ. ದೊಡ್ಡವ್ವನ ಮಾತ್ರೆಯದೇ ಚಿಂತೆ.

ಮನೆಗೆ ಬಂದಾಗ ಆಂಟಿ ಬಾಗಿಲಲ್ಲೇ ತಡೆದು ಪಿಸುಗುಟ್ಟಿದಳು.

"ಒಂದು ವಿಷಯ ಹೇಳ್ತೇನೆ. ಮಧ್ಯಾಹ್ನ ನಾನು ಬರುವ ಮೊದಲು ನನ್ನ ಅಡಿಗೆಮನೆಯಿಂದ ನೋಡಿದೆ. ಚನ್ನಕ್ಕ ಹಿಂದಿನ ಬಾಗಿಲು ತೆಗೆದು ಒಂದು ಕಾಲು ಮೆಟ್ಟಿಲಿಗೆ ಇಟ್ಟಿದ್ದರು. ನಾನು ಹೆದರಿ ಕೂಗಿದೆ. ಗಬಕ್ಕ ಒಳಗೆ ಹೋದರು."

"ದೊಡ್ಡವ್ವನೇ?"

"ಮತ್ತೆ ಯಾರು, ನಾನಾ? ಕೇಳು, ಸಿಟ್ಟು ಮಾಡಬೇಡ. ದಿನಾ ಬೆಳಿಗ್ಗೆ ನೀನೇ ತಂದು ಕೈಗೆ ಕೊಟ್ರೆ ಅವರು ಯಾಕೆ ಇಳಿಯುವುದು?"

ರೆಂಬೆಯನ್ನು ಲೋಟದಲ್ಲಿಟ್ಟಿದ್ದೇನೆ. ಕರಪತ್ರದಲ್ಲಿ ಏನು ಬರೆದಿದೆಯೋ, ಒದ್ದೆಯಾಗಿ ಅಕ್ಷರ ಕಲಸಿದೆ.

ಏಪ್ರಿಲ್ ೬, ಬೆಳಿಗ್ಗೆ

"ಹೂ ಎಲ್ಲಿ?"

"ಗಿಡದಾಗ."

"ತಗೊಂಬಾ."

"ಇವತ್ತ ಮುಷ್ಕರ."

ದೊಡ್ಡವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾರ ವಿರುದ್ಧ?"

"ನಿನ್ನ ವಿರುದ್ಧ."

"ಬೇಡಿಕಿ ಏನು?"

"ನೀನ ಇಳದು ಕಿತ್ಕೋ."

"ಕಾಲ ಮುರದಾಕಿ ಮ್ಯಾಲೆ ಮುಷ್ಕರ ಮಾಡ್ರಿ ಅಂತ ನಿಮ್ಮ ಯಾವ ಪುಸ್ತಕದಾಗ ಬರದೈತಿ?"

"ಬರದಿಲ್ಲ. ಇನ್ನ ನಾನ ಬರೀತೀನಿ."

ಅದೇ ದಿನ, ಮಧ್ಯಾಹ್ನ

ಅವಳು ಉಂಡಿಲ್ಲ, ನಾನೂ ಉಂಡಿಲ್ಲ. ಮಾತ್ರೆ ತಪ್ಪಿತು. ಹಿತ್ತಲು ತುಂಬಿ ತುಳುಕುತ್ತಿದೆ. ಟುಲಿಪ್, ನೀಲಿ ಗೊಂಚಲುಗಳು, ಲಂಡನ್ ಪತ್ರಿಯಲ್ಲಿ ಮೊಗ್ಗು. ಜನವರಿಯಲ್ಲಿ ಒಂದು ಹೂವಿಗೆ ಮೊಣಕಾಲೂರಿದವಳು ಇಷ್ಟು ಹೂಗಳ ನಡುವೆ ಕೈ ಕಟ್ಟಿ ಕುಳಿತಿದ್ದೇನೆ. ಎಷ್ಟೋ ಮುಷ್ಕರ ಕುಳಿತಿದ್ದೇನೆ, ಎದುರು ಪಕ್ಷದವರ ಹಸಿವಿನ ಚಿಂತೆ ಯಾವತ್ತೂ ಆಗಿರಲಿಲ್ಲ. ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಒಂದು ಕಿತ್ತು ತಂದುಕೊಟ್ಟರೆ ಈಗಲೇ ಎಲ್ಲ ಮುಗಿಯುತ್ತದೆ, ಏಪ್ರಿಲ್ ಮುಗಿದ ಮೇಲೆ ಹಿತ್ತಲೂ.

ಸಂಜೆ

ಮೂರು ಗಂಟೆಯ ಹೊತ್ತಿಗೆ ಅವಳೇ ಕರೆದಳು. ದನಿ ಸಣ್ಣದಾಗಿತ್ತು.

"ನನಗ ಅಂಜಿಕಿ ಆಗ್ತದ ಕಲ್ಯಾಣಿ. ಬಿದ್ದ ದಿನ ಮುಖ ಮಣ್ಣಾಗಿತ್ತು. ಬೀಟ್ರಿಸ್ ಚರ್ಚಿಗೆ ಹೋಗಿದ್ಲು. ಆಕಿ ಬರೂತನಾ ಕೂಗಿದೆ, ಬ್ಯಾರೆ ಯಾರೂ ಬರಲಿಲ್ಲ. ಕೈಯಾಗ ಕಿತ್ತ ಹೂ ಹಂಗ ಇತ್ತು. ಆ ಹೊತ್ತಿನ್ಯಾಗ ಲಿಂಗದ ಮ್ಯಾಲೂ ಸಿಟ್ಟ ಬಂತು ನೋಡು ನನಗ."

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ ಎಂದು ಗೊತ್ತಾಯಿತು. ನನ್ನ ಬಳಿ ಇದಕ್ಕೆ ತತ್ವ ಇರಲಿಲ್ಲ.

"ನಾ ಹಿಂದ ನಿಂತಿರ್ತೀನಿ" ಎಂದೆ.

"ನೀ ಹಿಂದ ನಿಂತ್ರ ನಾ ಹಿಂದ ನೋಡ್ತೀನಿ. ಒಳಗ ಇರು."

ಅಡುಗೆಮನೆಯ ಕಿಟಕಿಯಲ್ಲಿ ನಿಂತು ಸಿಂಕಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ಅವಳು ಬಾಗಿಲು ತೆಗೆದು ಮೊದಲು ವಾಕರನ್ನು ಕೆಳಗಿಟ್ಟಳು. ಕಂಬಿ ಹಿಡಿದಳು. ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ನೋವಿನ ಕಾಲು ಮೊದಲು, ಆಮೇಲೆ ಗಟ್ಟಿ ಕಾಲು. ನಡುವೆ ನಿಂತಳು. ತುಂಬ ಹೊತ್ತು ನಿಂತಳು. ಬೇಲಿಯ ಆಚೆ ಬೀಟ್ರಿಸ್ ಆಂಟಿ ಬಟ್ಟೆ ಒಣಹಾಕುತ್ತಿದ್ದವಳು ಒದ್ದೆ ಚಾದರ ಹಿಡಿದ ಹಾಗೇ ಕಲ್ಲಾಗಿದ್ದಳು, ಈ ಸಲ ಕೂಗಲಿಲ್ಲ. ಎರಡನೇ ಮೆಟ್ಟಿಲು. ನೆಲ.

ಅವಳು ಟುಲಿಪ್‌ಗಳವರೆಗೆ ಹೋಗಲಿಲ್ಲ. ಮೆಟ್ಟಿಲ ಪಕ್ಕದ ಬಿರುಕಿನಲ್ಲಿ ಒಂದು ಹಳದಿ ಕಳೆ ಹೂವಿತ್ತು, ನಾನು ಕಿತ್ತೆಸೆಯಬೇಕೆಂದುಕೊಂಡು ಮರೆತಿದ್ದದ್ದು. ಒಂದು ಕೈಯಲ್ಲಿ ವಾಕರ್ ಹಿಡಿದು, ನರಳುತ್ತ ಬಗ್ಗಿ ಅದನ್ನೇ ಕಿತ್ತಳು.

"ದೊಡ್ಡವ್ವ, ಅದು ಕಸದ ಹೂ!" ಕಿಟಕಿಯಿಂದ ಕೂಗಿದೆ.

"ನನ್ನ ಹಿತ್ತಲದ್ದ ಹೌದಿಲ್ಲೋ?"

ಹತ್ತಿ ಬಂದಳು. ಪೂಜೆ ಮಾಡಿದಳು. ಇಬ್ಬರೂ ಬಿಸಿ ಅನ್ನ ಸಾರು ಉಂಡೆವು. ಅವಳ ಕಣ್ಣು ಒದ್ದೆಯಾಗಿತ್ತು. ನನ್ನದು ಸಾರಿನ ಖಾರಕ್ಕೆ.

ಏಪ್ರಿಲ್ ೧೨, ಈಸ್ಟರ್

ಉಮಾಶಂಕರಣ್ಣನ ಎದುರು ಇಳಿದಳು. ಅವನು ಧಾವಿಸಿ ತೋಳು ಹಿಡಿಯಲು ಹೋದ. "ಸರಿ ಅತ್ಲಾಗ" ಎಂದಳು. ಟುಲಿಪ್‌ವರೆಗೆ ಹೋಗಿ, ಕಿತ್ತು, ತಿರುಗಿ, ಹತ್ತಿ ಬಂದಳು. ಅಣ್ಣ ಮುಂದಿನ ಕೋಣೆಗೆ ಹೋಗಿ ಏಜೆಂಟನಿಗೆ ಫೋನು ಮಾಡಿ, ಮನೆ ಮಾರುವುದಿಲ್ಲ ಎಂದ. ಹೊರಗೆ ಬಂದವನು ನನ್ನ ತಲೆಗೆ ಸಣ್ಣಗೆ ಮೊಟಕಿ, "ಅವ್ವನ ಮ್ಯಾಲೆ ಸ್ಟ್ರೈಕ್ ಮಾಡಿದೀ ಅಂತ, ಆಂಟಿ ಹೇಳಿದ್ಲು. ಭಾರಿ ಲೀಡರ್ ನೀ" ಎಂದ.

ಆಂಟಿ ಹಬ್ಬದ ಕೇಕು ಕಳಿಸಿದ್ದಾಳೆ. ಜೊತೆಗೆ ಒಂದು ಕಮೀಲಿಯ. ಕೊಟ್ಟದ್ದು.

ಏಪ್ರಿಲ್ ೧೯

ದಿನಾ ಅವಳೇ ಇಳಿಯುತ್ತಾಳೆ. ನಾನು ಅನ್ನಕ್ಕಿಡುತ್ತೇನೆ.

ಸೇಬಿನ ಮರ ಹೂ ಬಿಡಲು ಶುರು ಮಾಡಿದೆ. ಆಂಟಿ ಬೇಲಿಯ ಮೇಲೆ ಮೊಣಕೈ ಊರಿ ಹೇಳಿದಳು, "ಎಂತ ಮಾಡುವುದು, ನೀನು ಇಲ್ಲಿಯ ಚಳಿಗಾಲ ಮಾತ್ರ ನೋಡಿದೆ. ಮುಂದಿನ ತಿಂಗಳು ಲೈಲಾಕ್, ಸಂಜೆ ಹೊತ್ತು ಇಡೀ ಬೀದಿಗೆ ಪರಿಮಳ. ಜೂನಲ್ಲಿ ಈ ಬೇಲಿಯೇ ಕಾಣುವುದಿಲ್ಲ. ಒಳ್ಳೆ ಹೊತ್ತಿಗೇ ಹೋಗ್ತಾ ಇದ್ದೀ ನೀನು."

ವೀಸಾ ಮುಗಿಯುತ್ತಿದೆ. ಸಂಘ ಕಾಯುತ್ತಿದೆ. ರುದ್ರೇಶ ಸ್ಟೇಷನ್ನಿಗೆ ಬರುತ್ತೇನೆಂದಿದ್ದಾನೆ. ನವೆಂಬರಿನಿಂದ ಬೇಡಿದ್ದು ಇದನ್ನೇ. ಲೈಲಾಕ್ ಯಾವ ಬಣ್ಣ ಎಂದು ಆಂಟಿಯನ್ನು ಕೇಳಲು ಹೋಗಿ ಕೇಳಲಿಲ್ಲ.

ಏಪ್ರಿಲ್ ೨೫, ಶನಿವಾರ. ವಿಮಾನ ನಿಲ್ದಾಣದಲ್ಲಿ

ಇನ್ನೂ ಕರೆದಿಲ್ಲ. ಬರೆಯಲು ಹೊತ್ತಿದೆ.

ಬೆಳಿಗ್ಗೆ ಅಭ್ಯಾಸಬಲದಿಂದ ಬೇಗ ಎದ್ದೆ. ಚಪ್ಪಲಿ ಮೆಟ್ಟಿ ಹಿಂದಿನ ಬಾಗಿಲಿಗೆ ಹೋದರೆ ಅದು ಆಗಲೇ ತೆರೆದಿತ್ತು. ಹುಲ್ಲಿನ ಮೇಲೆ ಇಬ್ಬನಿ. ಇಬ್ಬನಿಯಲ್ಲಿ ವಾಕರಿನ ಕಾಲಿನ ಗುರುತು, ಪಕ್ಕದಲ್ಲಿ ಎಳೆದ ಚಪ್ಪಲಿಯ ಗುರುತು. ಸೇಬಿನ ಮರದ ಕೆಳಗೆ ದೊಡ್ಡವ್ವ ಬೆನ್ನು ಮಾಡಿ ನಿಂತು ಕೊಂಬೆ ಬಗ್ಗಿಸುತ್ತಿದ್ದಳು. ಏನೋ ಗೊಣಗುತ್ತಿದ್ದಳು, ಮರದ ಜೊತೆಯೋ ಲಿಂಗದ ಜೊತೆಯೋ.

ಕರೆಯಬೇಕೆಂದು ಬಾಯಿ ತೆರೆದೆ. ಹಿಂದೆ ನೋಡುತ್ತಾಳೆ ಎಂದು ಸುಮ್ಮನಾದೆ.

ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಬಾಗಿಲಲ್ಲೇ ನಿಂತು ಆ ಗುರುತುಗಳನ್ನು ನೋಡಿದೆ. ಮೆಟ್ಟಿಲಿಂದ ಮರದವರೆಗೆ ಒಂದೇ ಸಾಲಾಗಿ ಹೋಗಿದ್ದವು. ನಡುವೆ ಎಲ್ಲೂ ನಿಂತಿರಲಿಲ್ಲ.